ಸೀಸ, ತವರ

ಟೈರಂಗಡಿಯ ನೆಲ ಗುಡಿಸಿದರೆ ಸಿಗುತ್ತಿತ್ತು ಸೀಸ:
ಚಕ್ರದಂಚಿಗೆ ಕಚ್ಚಿಕೊಂಡಿದ್ದ ಬೆರಳುದ್ದದ ತುಂಡುಗಳು,
ಓಡುವ ಗಾಲಿ ನಡುಗದಿರಲೆಂದು ಹಾಕಿದ ತೂಕ.
ಪಾದ್ರಿಯ ಕಾರಿನದು, ಹಿಮ ತಳ್ಳುವ ಲಾರಿಯದು,
ಸ್ಕೂಲ್ ಬಸ್ಸಿನದು, ಕುಡಿದು ಮರಕ್ಕೆ ಗುದ್ದಿದ
ಹೈಕ್ಕಿಯ ಪಿಕಪ್ಪಿನದು,
ಎಲ್ಲ ಒಂದೇ ಕಾಫಿ ಡಬ್ಬಕ್ಕೆ.
ತುಂಬಿದಾಗ ತೋಳು ಜಗ್ಗುವಂತೆ ಹೊತ್ತು ಹೋಗುತ್ತಿದ್ದೆ
ಆರ್ವಿದ್ ಮಾವನ ಗ್ಯಾರೇಜಿಗೆ.

ಸುಪೀರಿಯರ್ ಸರೋವರದ ಗಾಳಿ ಹಲ್ಲು ಮಸೆಯುವ ಜನವರಿಯಲ್ಲೂ
ಬಾಗಿಲು ಅರ್ಧ ತೆರೆದೇ ಇರಬೇಕು.
"ಹೊಗೆ ಹೊರಗೆ, ನೀನು ಒಳಗೆ. ಉಗುಳಬೇಡ.
ಬೂಟಿನ ಹಿಮ ಕೊಡವು. ಒಂದು ಹನಿ ನೀರು ಬಿತ್ತೋ,
ಪಾತ್ರೆಯೇ ಮುಖಕ್ಕೆ ಹಾರುತ್ತದೆ."
ಅವನ ಎಡ ಹುಬ್ಬಿನಲ್ಲಿ ಕೂದಲಿಲ್ಲದ ಒಂದು ಗೆರೆ:
ಪಾಠ ಕಲಿಸಿದ ಹನಿಯದು.

ಸೀಸಕ್ಕೆ ಅವಸರವಿಲ್ಲ.
ಬಹಳ ಹೊತ್ತು ಏನೂ ಆಗುವುದಿಲ್ಲ.
ಆಮೇಲೆ ಒಂದು ತುಂಡು ಮಂಡಿಯೂರುತ್ತದೆ,
ಇನ್ನೊಂದು ಅದರ ಮೈಗೆ ಒರಗುತ್ತದೆ,
ನೋಡನೋಡುತ್ತ ಎಲ್ಲ ಒಂದೇ ಮಡು.
ಉಕ್ಕಿನ ಕ್ಲಿಪ್ಪುಗಳು ಮೇಲೆ ಬಂದು ತೇಲುತ್ತವೆ.
ಹೌದು, ಉಕ್ಕು ತೇಲುತ್ತದೆ; ನಾನೂ ನಂಬಿರಲಿಲ್ಲ.
ಮೇಣದಬತ್ತಿಯ ಮೋಟು ಹಾಕಿ ಕದಡಿ
ಕಿಟ್ಟವನ್ನು ಕೆನೆಯಂತೆ ತೆಗೆದರೆ
ಕೆಳಗೆ ಕನ್ನಡಿ, ಅದರಲ್ಲಿ ಮಾವನ ಮೂಗು.

ಅಚ್ಚು ತೆರೆಯುತ್ತದೆ ಪುಸ್ತಕದಂತೆ.
ಎಂಟು ಗಾಳಗಳನ್ನು ಎಂಟು ತೊಟ್ಟಿಲಲ್ಲಿ ಮಲಗಿಸಿ
ಮುಚ್ಚಿ, ಸೌಟು ಬಗ್ಗಿಸಿ, ಒಂದೇ ಉಸಿರಿಗೆ ಹೊಯ್ಯಬೇಕು.
ಅನುಮಾನಿಸಿದೆಯೋ, ಸುಕ್ಕು.
ತಣಿದ ಮೇಲೆ ಕೊಕ್ಕೆಯಿಂದ ಬಾಲ ಮುರಿದು,
ಹಳದಿ ಬಳಿದು, ಮೊಳೆಯ ತಲೆಯನ್ನು ಕಪ್ಪಿಗದ್ದಿ
ಕಣ್ಣಿಡುವ ಕೆಲಸ ನನ್ನದು.
ಮೂರನೆಯ ಗುಂಡಿಯಲ್ಲಿ ಒಂದು ಕಚ್ಚು,
ನಾನು ಹುಟ್ಟಿದ ವರ್ಷ ಅಚ್ಚು ಸಿಮೆಂಟಿಗೆ ಬಿದ್ದದ್ದು.
ಅಂದಿನಿಂದ ಎಂಟರಲ್ಲೊಂದು ಜಿಗ್ಗಿಗೆ
ಗಲ್ಲದಡಿ ನರಹುಲಿ, ಎಳ್ಳುಕಾಳಿನಷ್ಟು.
"ನಮ್ಮ ಮನೆತನದ್ದು," ಎನ್ನುತ್ತಿದ್ದ, ತನ್ನ ಗಲ್ಲ ತೋರಿಸಿ.

ಮೊಮ್ಮಗಳು ಕೈಸಾ ಬಂದದ್ದು ಸೆಪ್ಟೆಂಬರಿನಲ್ಲಿ,
ಹಕ್ಕಿಯಾಸ್ಪತ್ರೆಯ ಅಂಗಿಯಲ್ಲೇ.
ಕೂರಲಿಲ್ಲ. ಒಂದು ಲೂನ್ ಹಕ್ಕಿಯ ಸುದ್ದಿ:
ದಡಕ್ಕೆ ತೆವಳಿ ಬಂದದ್ದು, ಕತ್ತೆತ್ತಲಾರದ್ದು,
ಕೊಕ್ಕು ತೆರೆದರೂ ದನಿ ಬಾರದ್ದು.
ತಿಂದದ್ದು ಅರೆಯಲೆಂದು ಹರಳು ನುಂಗುವ ಹಕ್ಕಿ
ಹರಳೆಂದೇ ನುಂಗಿದ್ದನ್ನು
ಲಕೋಟೆಯಿಂದ ಮೇಜಿನ ಮೇಲೆ ಸುರಿದಳು.
ಒಂದು ಬದಿ ಸವೆದಿತ್ತು. ಬಣ್ಣವಿರಲಿಲ್ಲ. ಗಾಳದ ಮೋಟು.
ಮಾವ ಕನ್ನಡಕ ಹುಡುಕಲಿಲ್ಲ.
ಹೆಬ್ಬೆರಳು ಆಡಿಸಿದ, ಗಲ್ಲದಡಿ.

ನಾನು ಹೊರಗೆ ಹೋಗಿ ಸೌದೆ ಒಟ್ಟಿದೆ,
ಒಟ್ಟಿದ್ದನ್ನೇ ಕೆಡವಿ ಮತ್ತೆ ಒಟ್ಟಿದೆ.
ಯಾರ ಕಾರಿನದೋ ಆ ಚೂರು.
ಡಬ್ಬ ಹೊತ್ತದ್ದು ನಾನು.

ಹೊಸವರ್ಷದ ಹಿಂದಿನ ರಾತ್ರಿ
ಲೆಂಪಿ ಅತ್ತೆಯ ಪೆಟ್ಟಿಗೆ ತೆಗೆದ.
ಫಿನ್ಲೆಂಡಿನ ತವರಿನಿಂದ ಅವಳು ತಂದ ತವರ,
ಕುದುರೆಲಾಳದ ಆಕಾರದ ಪುಟ್ಟ ಬಿಲ್ಲೆಗಳು.
ವರ್ಷಕ್ಕೊಂದು ಕರಗಿಸಿ ಬಕೆಟ್ಟಿನ ತಣ್ಣೀರಿಗೆ ಸುರಿದು
ದೀಪದೆದುರು ಹಿಡಿದು, ಗೋಡೆಯ ನೆರಳು ಓದಿ
ಫಲ ಹೇಳುತ್ತಿದ್ದಳು:
ಹಡಗಾದರೆ ಪ್ರಯಾಣ, ನೊರೆನೊರೆಯಾದರೆ ದುಡ್ಡು.
ಅವಳ ಕೊನೆಯ ವರ್ಷ ಏನು ಕಂಡಿತ್ತೋ
ಅವನು ಯಾರಿಗೂ ಹೇಳಿಲ್ಲ.

ಉಳಿದಿದ್ದವು ಐದು. ಐದನ್ನೂ ಪಾತ್ರೆಗೆ ಹಾಕಿದ.
ನೀರಿಗಲ್ಲ, ಅಚ್ಚಿಗೆ ಹೊಯ್ದ.
ಮೂರು ಗುಂಡಿಗೇ ಮುಗಿಯಿತು. ಬೆಳ್ಳಗೆ ಬಂತು, ಹಗುರಾಗಿ.
ಅಂಗೈಯಲ್ಲಿ ತೂಗಿ ಬೈದ:
"ಇದು ತಳ ಮುಟ್ಟುವಷ್ಟರಲ್ಲಿ ಮೀನಿಗೆ ಮುಪ್ಪು."
ಮೂರನೆಯದನ್ನು ಚಿಮಟದಲ್ಲಿ ಎತ್ತಿ ಬಲ್ಬಿಗೆ ಹಿಡಿದ.
ನರಹುಲಿ ಇತ್ತು.
ಅರ ಕೊಡಲು ಹೋದೆ; ತೆಗೆದುಕೊಳ್ಳಲಿಲ್ಲ.
ಅವನ ಹಿಂದೆ ಗೋಡೆಯ ಮೇಲೆ
ಅದರ ನೆರಳು, ಕತ್ತು ಉದ್ದ ಮಾಡಿಕೊಂಡು.
ಏನೆಂದು ನಾನು ಕೇಳಲಿಲ್ಲ.
"ಬಾಗಿಲು ಹಾಕು, ಚಳಿ," ಎಂದ.